ಮೇಲೆ ಥಳಕು, ಒಳಗೆ ಹುಳುಕೆ? ಹಳೆಯ ಕಾರ್ವೆಟ್ ಕಾರಿನ ಪರೀಕ್ಷೆ

ಜಾತ್ರೆಯಲ್ಲಿ ಎತ್ತನ್ನು ಕೊಳ್ಳಹೊರಟ ಅನುಭವಸ್ಥನಾದ ರೈತನು ಅದರ ಕೊಂಬಿಗೆ ಬಳಿದ ಬಣ್ಣಕ್ಕೂ ಕೊರಳಿಗೆ ಕಟ್ಟಿದ ಗೆಜ್ಜೆಗೂ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲನ್ನು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲನ್ನು ಗಮನಿಸುತ್ತಾನೆ. ಬೆಲೆಯ ಮಾತು ಆಮೇಲೆ. ಕಣ್ಣಿಗೆ ಕಾಣದ ವಯಸ್ಸನ್ನೂ ಬಲವನ್ನೂ ಕಣ್ಣಿಗೆ ಕಾಣುವ ಗುರುತುಗಳಿಂದ ಊಹಿಸುವ ಈ ಕ್ರಮವು ವಿಜ್ಞಾನದ ಕ್ರಮಕ್ಕೆ ಬಹಳ ಸಮೀಪವಾದದ್ದು. ಒಬ್ಬರು ಬಳಸಿ ಬಿಟ್ಟ ಯಂತ್ರವನ್ನು ಮತ್ತೊಬ್ಬರು ಕೊಳ್ಳುವಾಗ ಇದೇ ಕ್ರಮವನ್ನು ಅನುಸರಿಸಬೇಕಾಗುತ್ತದೆ. ಯಂತ್ರಕ್ಕೆ ಹಲ್ಲಿಲ್ಲ, ಆದರೆ ಅದರ ವಯಸ್ಸನ್ನು ಹೇಳುವ ಗುರುತುಗಳು ಬೇಕಾದಷ್ಟಿವೆ.

ಈ ವಿಷಯವನ್ನು ಸ್ಪಷ್ಟಪಡಿಸಲು ಅಮೆರಿಕದ ಪ್ರಸಿದ್ಧ ಕ್ರೀಡಾಕಾರಾದ ಷೆವ್ರೊಲೆ ಕಾರ್ವೆಟ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂತಹ ಕಾರನ್ನು ಕೊಳ್ಳುವ ಪ್ರಸಂಗವು ನಮ್ಮ ವಾಚಕರಲ್ಲಿ ಹೆಚ್ಚು ಮಂದಿಗೆ ಒದಗಲಾರದು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರಿಗೆ ಒದಗೀತು. ಆದರೂ ಅದನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಸಾಮಾನ್ಯವಾದ ಕಾರು ತನ್ನ ತುಕ್ಕನ್ನು ತಾನೇ ತೋರಿಸಿಕೊಡುತ್ತದೆ. ಕಾರ್ವೆಟ್ಟಿನ ಮೈಯಾದರೋ ಎಂದಿಗೂ ತುಕ್ಕು ಹಿಡಿಯುವುದಿಲ್ಲ. ಆದ್ದರಿಂದಲೇ ಅದರ ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ.

ಗಾಜಿನ ನಾರಿನ ಮೈ

1953ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ವಾಲ್ಡಾರ್ಫ್ ಅಸ್ಟೋರಿಯ ಹೋಟೆಲಿನಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯವರು ಏರ್ಪಡಿಸಿದ್ದ ಪ್ರದರ್ಶನದಲ್ಲಿ ಕಾರ್ವೆಟ್ಟನ್ನು ಮೊದಲು ಜನರ ಮುಂದಿಟ್ಟರು. ಅದೇ ವರ್ಷ ಜೂನ್ 30ರಂದು ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದಲ್ಲಿ ತಯಾರಿಕೆ ಆರಂಭವಾಯಿತು. ಆ ವರ್ಷ ತಯಾರಾದವು 300 ಕಾರುಗಳು ಮಾತ್ರ. ಎಲ್ಲವೂ ಬಿಳಿಯ ಬಣ್ಣದವು, ಒಳಗೆ ಕೆಂಪು ಆಸನಗಳು. ಅವುಗಳ ಇಂಜಿನ್ನಿಗೆ ಆರು ಸಿಲಿಂಡರುಗಳಿದ್ದುವು. 1955ರಲ್ಲಿ ಎಂಟು ಸಿಲಿಂಡರುಗಳ ಇಂಜಿನ್ ಬಂದಿತು. 1963ರಲ್ಲಿ ಸ್ಟಿಂಗ್ ರೇ ಎಂಬ ಹೆಸರಿನ ಎರಡನೆಯ ತಲೆಮಾರು, 1968ರಲ್ಲಿ ಮೂರನೆಯದು ಬಂದುವು. ಈ ಮೂರನೆಯ ತಲೆಮಾರಿನ ತಯಾರಿಕೆ 1982ರ ವರೆಗೆ ನಡೆಯಿತು. ಇಂದು ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ವಿಶೇಷವಾಗಿ ಪರೀಕ್ಷೆ ಬೇಡುವವು ಈ ಎರಡು ಮತ್ತು ಮೂರನೆಯ ತಲೆಮಾರಿನವು. ನಮ್ಮ ವಿಚಾರವೂ ಮುಖ್ಯವಾಗಿ ಅವುಗಳಿಗೇ ಸಂಬಂಧಿಸಿದ್ದು.

ಕಾರ್ವೆಟ್ಟಿನ ಹೊರಮೈಯನ್ನು ಉಕ್ಕಿನ ತಗಡಿನಿಂದ ಮಾಡದೆ, ಗಾಜಿನ ನಾರುಗಳನ್ನು ಕೃತಕ ರಾಳದಲ್ಲಿ ಹುದುಗಿಸಿ ಗಟ್ಟಿಗೊಳಿಸಿದ ವಸ್ತುವಿನಿಂದ ಮಾಡಿದರು. ಗಾಜು ಬಿರುಸು, ಆದರೆ ಅದರ ಸಣ್ಣ ಎಳೆಗಳು ಎಳೆತವನ್ನು ಬಹಳ ಚೆನ್ನಾಗಿ ತಡೆಯುತ್ತವೆ. ರಾಳವು ಮೆದು, ಆದರೆ ಎಳೆಗಳನ್ನು ಒಂದಕ್ಕೊಂದು ಬಿಗಿದು ಭಾರವನ್ನು ಎಲ್ಲಕ್ಕೂ ಹಂಚುತ್ತದೆ. ಜೇಡಿಮಣ್ಣಿಗೆ ಹುಲ್ಲು ಬೆರೆಸಿ ಗೋಡೆ ಕಟ್ಟುವ ನಮ್ಮ ಹಳ್ಳಿಗರು ಬಳಸುವ ತತ್ತ್ವವೂ ಇದೇ. ಕೆಲವೇ ಕಾರುಗಳನ್ನು ತಯಾರಿಸುವಾಗ ಉಕ್ಕನ್ನು ಒತ್ತುವ ಬೆಲೆಬಾಳುವ ಅಚ್ಚುಗಳ ಅಗತ್ಯವಿಲ್ಲದೆ ಬೇಗ ಕೆಲಸ ಆರಂಭಿಸಬಹುದೆಂಬುದು ಈ ವಸ್ತುವಿನ ದೊಡ್ಡ ಅನುಕೂಲ.

ಈ ಮೈ ಹಗುರ, ಗಟ್ಟಿ, ತುಕ್ಕಿಗೆ ಅಭೇದ್ಯ. ಇಷ್ಟನ್ನು ಕೇಳಿದವನು “ಹಾಗಾದರೆ ಹಳೆಯ ಕಾರ್ವೆಟ್ಟನ್ನು ಕೊಳ್ಳಲು ಹೆದರಿಕೆಯೇಕೆ?” ಎಂದಾನು. ಆದರೆ ಗಾಜಿನ ನಾರಿನ ಮೈ ಕಾರಿನ ಚರ್ಮ ಮಾತ್ರ. ಅದರ ಎಲುಬು ಉಕ್ಕು.

ಹಕ್ಕಿಯ ಪಂಜರ

ಮೇಲೆ ಹೇಳಿದ ಕಾರುಗಳಲ್ಲಿ ಉಕ್ಕಿನ ಎರಡು ಕಟ್ಟುಗಳಿವೆ. ಒಂದು, ಕೆಳಗಿನ ಚೌಕಟ್ಟು. ಇಂಜಿನ್ನು, ಚಕ್ರಗಳು, ಸ್ಪ್ರಿಂಗುಗಳು ಎಲ್ಲವೂ ಇದಕ್ಕೇ ಸೇರಿಕೊಂಡಿರುತ್ತವೆ. ಮೈಯನ್ನು ಇದರ ಮೇಲೆ ಬೋಲ್ಟುಗಳಿಂದ ಕೂರಿಸಿರುತ್ತಾರೆ. ಇನ್ನೊಂದು, ಎದುರುಗಾಜಿನ ಮತ್ತು ಬಾಗಿಲುಗಳ ಸುತ್ತ ಕುಳಿತವರನ್ನು ಆವರಿಸಿರುವ ಉಕ್ಕಿನ ಹಂದರ. ಕಾರ್ವೆಟ್ ಪ್ರಿಯರು ಇದನ್ನು ಹಕ್ಕಿಯ ಪಂಜರ ಎಂದು ಕರೆಯುತ್ತಾರೆ. ಗಾಜಿನ ನಾರಿನ ಹಲಗೆಗಳನ್ನು ಇದಕ್ಕೆ ಅಂಟಿಸಿರುವುದರಿಂದ ಪಂಜರದ ಬಹುಭಾಗ ಹೊರಗೆ ಕಾಣುವುದಿಲ್ಲ.

ತುಕ್ಕು ಹೇಗೆ ಹಿಡಿಯುತ್ತದೆಂಬುದನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಒದ್ದೆಯಾದ ಉಕ್ಕಿನ ಮೇಲ್ಮೈಯೆಂದರೆ ಅಸಂಖ್ಯ ಸಣ್ಣ ವಿದ್ಯುತ್ಕೋಶಗಳ ಸಮೂಹ. ಒಂದೆಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗೆ ಇಳಿಯುತ್ತವೆ. ಇನ್ನೊಂದೆಡೆ ನೀರಿನಲ್ಲಿ ಕರಗಿದ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದಾದ್ದರಿಂದ ಈ ಕ್ರಿಯೆ ನಿಧಾನ. ನೀರಿಗೆ ಉಪ್ಪು ಬೆರೆತರೆ ಪ್ರವಾಹಕ್ಕೆ ದಾರಿ ಸುಗಮವಾಗಿ ತುಕ್ಕು ಬಲುಬೇಗ ಬೆಳೆಯುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ಉಪ್ಪನ್ನು ಚೆಲ್ಲುತ್ತಾರೆ. ಮೋಟಾರು ತಯಾರಿಕೆಯ ರಾಜಧಾನಿಯೆನಿಸಿದ ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಮಿಕ್ಕ ಆಳದಲ್ಲಿ, ರಸ್ತೆಗೆ ಬೇಕಾದ ಉಪ್ಪನ್ನು ತೆಗೆಯುವ ಗಣಿಯಿದೆ! ನೆಲದ ಮೇಲೆ ಕಾರುಗಳನ್ನು ಹುಟ್ಟಿಸಿದ ಊರೇ ನೆಲದ ಕೆಳಗಿನಿಂದ ಅವುಗಳ ಶತ್ರುವನ್ನೂ ಒದಗಿಸುತ್ತದೆ. ಆದ್ದರಿಂದ ಕೊಳ್ಳುವವನು ಕೇಳಬೇಕಾದ ಮೊದಲನೆಯ ಪ್ರಶ್ನೆ, ಕಾರು ಎಷ್ಟು ಮೈಲಿ ಓಡಿದೆ ಎಂಬುದಲ್ಲ. ಅದು ಎಲ್ಲಿ ಬಾಳಿದೆ ಎಂಬುದು. ಅರಿಜೋನದ ಒಣ ಹವೆಯಲ್ಲಿದ್ದ ಕಾರಿಗೂ ಮಿಷಿಗನ್ನಿನ ಹಿಮದಲ್ಲಿ ಓಡಿದ ಕಾರಿಗೂ ವಯಸ್ಸು ಒಂದೇ ಆದರೂ ಆಯುಸ್ಸು ಒಂದೇ ಅಲ್ಲ.

ಪಂಜರದಲ್ಲಿ ತುಕ್ಕು ನೆಲೆಸುವ ಜಾಗ ಎದುರುಗಾಜಿನ ಎರಡು ಪಕ್ಕದ ಕಂಬಗಳ ಬುಡ. ಗಾಜಿನ ಅಂಚಿನ ರಬ್ಬರು ಸೀಳಿದಾಗ ಮಳೆಯ ನೀರು ಒಳಕ್ಕೆ ಜಿನುಗಿ ಅಲ್ಲಿ ನಿಲ್ಲುತ್ತದೆ, ಗಾಳಿಯಾಡದೆ ಒಣಗುವುದಿಲ್ಲ. ತುಕ್ಕಿಗೆ ಅದು ಹುಟ್ಟಿಬಂದ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಘನಫಲವಿರುವುದರಿಂದ ಅದು ಪದರಪದರವಾಗಿ ಉಬ್ಬಿ ಉದುರುತ್ತದೆ. ಕಾಲಿಡುವ ಜಾಗದ ಪಕ್ಕದ ಮುಚ್ಚು ಹಲಗೆಯನ್ನು ಕಳಚಿ, ಕೈದೀಪದಿಂದ ಕಂಬದ ಬುಡವನ್ನು ನೋಡಬೇಕು. ರತ್ನಗಂಬಳಿಯನ್ನು ಎತ್ತಿ ಕೆಳಗೆ ಕಂದುಬಣ್ಣದ ಚೂರುಗಳು ಬಿದ್ದಿವೆಯೇ, ತೇವದ ವಾಸನೆ ಇದೆಯೇ ಎಂದು ಪರೀಕ್ಷಿಸಬೇಕು. ಬಾಗಿಲನ್ನು ನಿಧಾನವಾಗಿ ಮುಚ್ಚಿ ಸುತ್ತಲಿನ ಸಂದು ಎಲ್ಲೆಡೆಯೂ ಒಂದೇ ಅಗಲವಿದೆಯೇ ಎಂದು ಗಮನಿಸಬೇಕು. ಪಂಜರ ಕುಸಿದರೆ ಬಾಗಿಲು ಜೋಲುತ್ತದೆ. ಈಗ ತೆಳುವಾದ ತಂತಿಯ ತುದಿಯಲ್ಲಿ ಸಣ್ಣ ಕ್ಯಾಮರಾ ಇರುವ ಉಪಕರಣಗಳು ಅಗ್ಗವಾಗಿ ದೊರೆಯುವುದರಿಂದ ಕಂಬದ ಒಳಭಾಗವನ್ನೂ ಇಣುಕಿ ನೋಡಬಹುದು.

ಕೆಳಗಿನ ಚೌಕಟ್ಟಿನಲ್ಲಿ ನೋಡಬೇಕಾದ ಜಾಗ ಹಿಂದಿನ ಚಕ್ರಗಳಿಗೆ ತುಸು ಮುಂದೆ, ಪಕ್ಕದ ತೊಲೆಗಳು ಮೇಲಕ್ಕೆ ಬಾಗುವ ಎಡೆ. ಈ ತೊಲೆಗಳು ಪೆಟ್ಟಿಗೆಯಂತೆ ಟೊಳ್ಳಾದುವು. ಚಕ್ರವು ಎರಚಿದ ಕೆಸರೂ ಉಪ್ಪೂ ಒಳಹೊಕ್ಕು ಕುಳಿತು ಒಳಗಿನಿಂದ ಹೊರಕ್ಕೆ ಕೊರೆಯುತ್ತವೆ. ಹೊರಗೆ ಹೊಸ ಕರಿಬಣ್ಣ ಬಳಿದಿದ್ದರೆ ಸಂತೋಷಪಡುವುದಕ್ಕಿಂತ ಸಂದೇಹಪಡುವುದು ಲೇಸು. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಖಣಿಲೆನ್ನುತ್ತದೆ. ಕೊರೆದುಹೋದ ಭಾಗ ಮಂಕಾದ ಸದ್ದು ಕೊಡುತ್ತದೆ. ತೂತುಗಳಿಗೆ ಮೆತ್ತೆ ತುಂಬಿ ಬಣ್ಣ ಬಳಿದಿದ್ದರೆ ಅಯಸ್ಕಾಂತ ಗುಟ್ಟನ್ನು ಬಯಲು ಮಾಡುತ್ತದೆ. ದೂರ ಹೆಚ್ಚಿದಂತೆ ಅಯಸ್ಕಾಂತದ ಸೆಳೆತ ಬಹಳ ಬೇಗ ಕಡಮೆಯಾಗುವುದರಿಂದ, ನಡುವೆ ಕೆಲವು ಮಿಲಿಮೀಟರು ಮೆತ್ತೆ ಇದ್ದರೂ ಹಿಡಿತ ಸಡಿಲವಾಗುತ್ತದೆ. ಒಂದು ಎಚ್ಚರಿಕೆ: ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬಾರದು, ಭದ್ರವಾದ ಆಧಾರಗಳ ಮೇಲೆ ಅದನ್ನು ಕೂರಿಸಿರಬೇಕು.

ಕಾರು ಹಿಂದೊಮ್ಮೆ ಬಲವಾಗಿ ಡಿಕ್ಕಿ ಹೊಡೆದು ಚೌಕಟ್ಟು ಸೊಟ್ಟಗಾಗಿದೆಯೇ ಎಂಬುದನ್ನು ತಿಳಿಯಲು ಪ್ರೌಢಶಾಲೆಯ ರೇಖಾಗಣಿತವೇ ಸಾಕು. ಆಯತದ ಎರಡು ಕರ್ಣಗಳೂ ಸಮ. ಆಯತ ಓರೆಯಾದರೆ ಒಂದು ಕರ್ಣ ಉದ್ದವಾಗಿ ಮತ್ತೊಂದು ಗಿಡ್ಡವಾಗುತ್ತದೆ. ಚೌಕಟ್ಟಿನ ಎಡ ಮುಂದಿನ ಒಂದು ಗುರುತಿನಿಂದ ಬಲ ಹಿಂದಿನ ಗುರುತಿಗೂ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೂ ಅಳತೆಪಟ್ಟಿ ಹಿಡಿದರೆ ಸಂಗತಿ ತಿಳಿಯುತ್ತದೆ.

ಪಂಜರವೂ ಚೌಕಟ್ಟೂ ಕೆಟ್ಟಿದ್ದರೆ ರಿಪೇರಿಗೆ ಮೈಯನ್ನೇ ಎತ್ತಬೇಕಾಗಬಹುದು. ಖರ್ಚು ಕೆಲವೊಮ್ಮೆ ಕಾರಿನ ಬೆಲೆಯನ್ನೂ ಮೀರುತ್ತದೆ. ಹಣಕ್ಕಿಂತ ಮಿಗಿಲಾದ ಮಾತೂ ಒಂದಿದೆ: ಅಪಘಾತದಲ್ಲಿ ಕುಳಿತವನನ್ನು ಕಾಯುವುದು ಹೊಳೆಯುವ ಮೈಯಲ್ಲ, ಈ ಉಕ್ಕು.

ಸದ್ದು ಹೇಳುವ ಮಾತು

ಉಕ್ಕಿನ ಕಾರಿನ ಬಣ್ಣದ ದಪ್ಪವನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಉಪಕರಣಗಳಿಗೆ ಬಣ್ಣದ ಕೆಳಗೆ ಲೋಹವಿರಬೇಕು. ಕಾರ್ವೆಟ್ಟಿನ ಮೈಯ ಮೇಲೆ ಅವು ಕೆಲಸಕ್ಕೆ ಬಾರವು. ಹಾಗಾದರೆ ಹಳೆಯ ಗಾಯಗಳನ್ನು ಹುಡುಕುವುದು ಹೇಗೆ? ಕುಂಬಾರನ ಅಂಗಡಿಯಲ್ಲಿ ಮಡಕೆಯನ್ನು ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದಿಲ್ಲವೆ? ಅದನ್ನೇ ಇಲ್ಲಿ ನಾಣ್ಯದ ಅಂಚಿನಿಂದ ಮಾಡಬೇಕು. ಪದರಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಮೇಲ್ಮೈ ಬಿರುಸಾಗಿದ್ದು ಸದ್ದು ಚುರುಕಾಗಿ ಬರುತ್ತದೆ. ಪದರಗಳು ಬಿಟ್ಟುಕೊಂಡಿದ್ದರೆ, ಅಥವಾ ದಪ್ಪವಾಗಿ ಮೆತ್ತೆ ತುಂಬಿದ್ದರೆ, ಮೇಲ್ಮೈಯ ಬಿಗಿತ ಬದಲಾಗಿ ಸದ್ದು ಮೊದ್ದಾಗುತ್ತದೆ. ಎಡ ಮತ್ತು ಬಲ ಪಕ್ಕಗಳ ಒಂದೇ ಸ್ಥಾನಗಳನ್ನು ಹೋಲಿಸುತ್ತ ತಟ್ಟುವುದು ಉತ್ತಮ. ಒಂದು ಪಕ್ಕ ಇನ್ನೊಂದಕ್ಕೆ ಅಳತೆಗೋಲಾಗುತ್ತದೆ.

ಹಲಗೆಗಳ ಒಳಮುಖವನ್ನೂ ನೋಡಬೇಕು. ಕಾರ್ಖಾನೆಯ ಅಚ್ಚುಗಳಲ್ಲಿ ಒತ್ತಿದ ಹಲಗೆ ಎರಡೂ ಮುಖಗಳಲ್ಲಿ ನಯವಾಗಿರುತ್ತದೆ. ರಿಪೇರಿಯವರು ಕೈಯಿಂದ ಮೆತ್ತಿದ ತೇಪೆಯ ಒಳಮುಖ ಒರಟಾಗಿದ್ದು ನಾರುಗಳು ಕಾಣುತ್ತವೆ. ಎರಡು ಹಲಗೆಗಳು ಕೂಡುವೆಡೆ ಹಿಂದಿನಿಂದ ಅಂಟಿಸಿರುವ ಪಟ್ಟಿಗಳು ಇಲ್ಲದಿದ್ದರೆ ಇಡೀ ಮುಂಭಾಗವನ್ನೇ ಬದಲಾಯಿಸಿರಬಹುದು. ಹಾಗೆಂದು ರಿಪೇರಿ ಅಪರಾಧವಲ್ಲ. ಚೆನ್ನಾಗಿ ಮಾಡಿದ ತೇಪೆ ಬಹುಕಾಲ ಬಾಳುತ್ತದೆ. ಮುಚ್ಚಿಟ್ಟದ್ದು ಮಾತ್ರ ತಪ್ಪು.

ಮರಳುವ ದಾರಿ ತಪ್ಪಿದ ವಿದ್ಯುತ್ತು

ಸಾಮಾನ್ಯವಾದ ಕಾರಿನಲ್ಲಿ ಬ್ಯಾಟರಿಯ ಒಂದು ಧ್ರುವದಿಂದ ದೀಪಕ್ಕೆ ತಂತಿ ಹೋಗುತ್ತದೆ. ದೀಪದಿಂದ ಇನ್ನೊಂದು ಧ್ರುವಕ್ಕೆ ವಿದ್ಯುತ್ತು ಉಕ್ಕಿನ ಮೈಯ ಮೂಲಕವೇ ಮರಳುತ್ತದೆ. ಗಾಜಿನ ನಾರು ವಿದ್ಯುತ್ತಿಗೆ ಅವಾಹಕ. ಆದ್ದರಿಂದ ಕಾರ್ವೆಟ್ಟಿನಲ್ಲಿ ಮರಳುವ ದಾರಿಗೂ ತಂತಿಗಳು ಬೇಕು. ಈ ತಂತಿಗಳು ಚೌಕಟ್ಟಿಗೆ ಸೇರುವ ಎಡೆಯಲ್ಲಿ ತುಕ್ಕು ಹಿಡಿದರೆ ದೀಪಗಳು ಮಂಕಾಗುತ್ತವೆ, ಅಳತೆಯ ಮುಳ್ಳುಗಳು ಸುಳ್ಳು ಹೇಳುತ್ತವೆ. ಮಾರುವವನು “ಬಲ್ಬು ಹಳೆಯದು” ಎನ್ನಬಹುದು. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿರುವಂತಹ ಒಂದು ವೋಲ್ಟ್‌ಮೀಟರು ಇದನ್ನು ತೀರ್ಮಾನಿಸುತ್ತದೆ.

12 ವೋಲ್ಟಿನ ಬ್ಯಾಟರಿಗೆ 3 ಓಮ್ ರೋಧವುಳ್ಳ ದೀಪವನ್ನು ಜೋಡಿಸಿದರೆ 4 ಆಂಪಿಯರು ಹರಿಯಬೇಕು. ಮರಳುವ ದಾರಿಯ ತುಕ್ಕಿನಲ್ಲಿ ಕೇವಲ ಅರ್ಧ ಓಮ್ ರೋಧ ಸೇರಿಕೊಂಡಿತೆನ್ನೋಣ. ಆಗ ಪ್ರವಾಹವು 12ನ್ನು 3.5ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 3.4 ಆಂಪಿಯರು. ದೀಪಕ್ಕೆ ದೊರೆಯುವುದು 10.3 ವೋಲ್ಟು, ಉಳಿದ 1.7 ವೋಲ್ಟು ತುಕ್ಕಿನಲ್ಲೇ ವ್ಯಯ. ಸಾಮರ್ಥ್ಯವು ವೋಲ್ಟಿನ ವರ್ಗಕ್ಕೆ ಅನುಗುಣವಾದ್ದರಿಂದ ದೀಪದ ಕಾಲುಭಾಗಕ್ಕೂ ಹೆಚ್ಚು ಶಕ್ತಿ ಹೋಯಿತು. ದೀಪ ಉರಿಯುತ್ತಿರುವಾಗ ಅದರ ಮರಳುತುದಿಗೂ ಬ್ಯಾಟರಿಯ ಋಣಧ್ರುವಕ್ಕೂ ನಡುವೆ ವೋಲ್ಟ್‌ಮೀಟರನ್ನು ಹಿಡಿಯಿರಿ. ಅದು ಸೊನ್ನೆಯ ಹತ್ತಿರವಿದ್ದರೆ ದಾರಿ ಸರಿಯಾಗಿದೆ. ಒಂದೆರಡು ವೋಲ್ಟು ತೋರಿಸಿದರೆ ಕಳ್ಳನು ಅಲ್ಲೇ ಇದ್ದಾನೆ.

ಇದೇ ಗುಣದಿಂದ ಇನ್ನೊಂದು ಕುತೂಹಲದ ಸಂಗತಿ ಹುಟ್ಟುತ್ತದೆ. ಇಂಜಿನ್ನಿನ ಕಿಡಿಗಳು ರೇಡಿಯೋ ಅಲೆಗಳನ್ನು ಹೊರಡಿಸುತ್ತವೆ. ಉಕ್ಕಿನ ಮುಚ್ಚಳವು ಅವನ್ನು ತಡೆಹಿಡಿಯುತ್ತದೆ. ಗಾಜಿನ ನಾರು ತಡೆಯದು. ಅದಕ್ಕಾಗಿ ರೇಡಿಯೋ ಇದ್ದ ಹಳೆಯ ಕಾರ್ವೆಟ್ಟುಗಳಲ್ಲಿ ಕಿಡಿ ಹಂಚುವ ಭಾಗಗಳ ಸುತ್ತ ಲೋಹದ ಕವಚಗಳನ್ನು ಅಳವಡಿಸಿದ್ದರು. ಮೆಕ್ಯಾನಿಕರು ಕಳಚಿದ ಕವಚಗಳನ್ನು ಮತ್ತೆ ಹಾಕದೆ ಬಿಟ್ಟಿದ್ದರೆ ರೇಡಿಯೋದಲ್ಲಿ ಹಾಡಿನೊಂದಿಗೆ ಇಂಜಿನ್ನೂ ತಾಳ ಹಾಕುತ್ತದೆ!

ಎಂಟು ಸಿಲಿಂಡರುಗಳ ಉಸಿರು

ಇಂಜಿನ್ನನ್ನು ಪರೀಕ್ಷಿಸಲು ಹೋಗುವಾಗ ಅದು ತಣ್ಣಗಿರಬೇಕೆಂದು ಮೊದಲೇ ಕೇಳಿಕೊಳ್ಳಿ. ಮಾರುವವನು ಮುಂಚೆಯೇ ಬಿಸಿಮಾಡಿಟ್ಟಿದ್ದರೆ ಆರಂಭದ ತೊಂದರೆಗಳು ಮರೆಯಾಗುತ್ತವೆ. ಹೊಗೆಯ ಬಣ್ಣವನ್ನು ನೋಡಿ: ನೀಲಿಯಾದರೆ ಎಣ್ಣೆ ಉರಿಯುತ್ತಿದೆ; ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ; ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಸಿಹಿವಾಸನೆಯ ಬಿಳಿಹೊಗೆ ಬರುತ್ತಿದ್ದರೆ ತಂಪುದ್ರವ ಸಿಲಿಂಡರಿಗೆ ಸೋರುತ್ತಿದೆ.

ಆದರೆ ನಿಜವಾದ ಪರೀಕ್ಷೆ ಒತ್ತಡದ್ದು. ಕಿಡಿಪ್ಲಗ್ಗುಗಳನ್ನು ತೆಗೆದು, ಒಂದೊಂದೇ ರಂಧ್ರಕ್ಕೆ ಒತ್ತಡಮಾಪಕವನ್ನು ಸಿಕ್ಕಿಸಿ, ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿ ಇಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸುತ್ತಾರೆ. ಗಾಳಿಯನ್ನು ಹತ್ತರಲ್ಲೊಂದು ಭಾಗಕ್ಕೆ ಒತ್ತಿದರೆ ಒತ್ತಡ ಎಷ್ಟಾಗಬೇಕು? ಉಷ್ಣತೆ ಬದಲಾಗದಿದ್ದರೆ ಬಾಯಲನ ನಿಯಮದಂತೆ 10 ವಾಯುಭಾರ. ಉಷ್ಣವು ಹೊರಗೆ ಹೋಗದಂತೆ ಒತ್ತಿದರೆ ಗಾಳಿ ಕಾಯುವುದರಿಂದ 10ರ 1.4ನೆಯ ಘಾತ, ಅಂದರೆ ಸುಮಾರು 25 ವಾಯುಭಾರ. ಮಾಪಕ ತೋರಿಸುವುದು ಇದಕ್ಕಿಂತ ಬಹಳ ಕಡಮೆ. ಏಕೆಂದರೆ ಪಿಸ್ಟನ್ನು ಮೇಲೇರಲು ಆರಂಭಿಸಿದ ಮೇಲೆಯೇ ಒಳದಾರಿಯ ಕವಾಟ ಪೂರ್ತಿ ಮುಚ್ಚುತ್ತದೆ, ಗೋಡೆಗಳು ಉಷ್ಣವನ್ನು ಹೀರುತ್ತವೆ, ಉಂಗುರಗಳ ಸಂದಿನಲ್ಲಿ ತುಸು ಗಾಳಿ ನುಸುಳುತ್ತದೆ. ಆರೋಗ್ಯವಾಗಿರುವ ಇಂಜಿನ್ನಿನಲ್ಲಿ ಚದರ ಅಂಗುಲಕ್ಕೆ 150 ಪೌಂಡಿನ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ಅಂಕಿ ಕಾಣುವುದು ಸಾಮಾನ್ಯ; ಸರಿಯಾದ ಅಂಕಿಯನ್ನು ಆಯಾ ಇಂಜಿನ್ನಿನ ಕೈಪಿಡಿಯಿಂದ ತಿಳಿಯಬೇಕು.

ಇಲ್ಲಿ ಅಂಕಿಯ ಹಿರಿತನಕ್ಕಿಂತ ಸಮತ್ವವೇ ಮುಖ್ಯ. ಅತ್ಯಂತ ಕಡಮೆಯದು ಅತ್ಯಂತ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗಿಳಿಯಬಾರದೆಂಬುದು ವರ್ಕ್‌ಷಾಪುಗಳ ರೂಢಿಯ ನಿಯಮ. ಒಂದು ಸಾಲಿನ ನಾಲ್ಕು ಸಿಲಿಂಡರುಗಳಲ್ಲಿ 155, 150, 95, 90 ಎಂಬ ಅಂಕಿಗಳು ಬಂದುವೆಂದು ಊಹಿಸೋಣ. ಅಕ್ಕಪಕ್ಕದ ಎರಡು ಒಟ್ಟಿಗೇ ಸೋತಿರುವುದರಿಂದ ಅವುಗಳ ನಡುವಿನ ಗ್ಯಾಸ್ಕೆಟ್ ಸೀಳಿರುವ ಸಂಭವ ಹೆಚ್ಚು. ಒಂದೇ ಸಿಲಿಂಡರು ಸೋತಿದ್ದರೆ ಅದರೊಳಕ್ಕೆ ಚಮಚದಷ್ಟು ಇಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಎಣ್ಣೆಯು ಉಂಗುರಗಳ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಒತ್ತಡ ಏರಿದರೆ ಉಂಗುರಗಳು ಸವೆದಿವೆ. ಏರದಿದ್ದರೆ ದೋಷ ಕವಾಟಗಳಲ್ಲಿದೆ. ಒಂದು ಚಮಚ ಎಣ್ಣೆ ಎರಡು ರೋಗಗಳನ್ನು ಬೇರೆಬೇರೆಯಾಗಿ ತೋರಿಸಿಕೊಡುವ ಈ ಉಪಾಯ ಎಷ್ಟು ಸರಳ!

ಅಶ್ವಸಾಮರ್ಥ್ಯದ ಬಗ್ಗೆಯೂ ಒಂದು ಮಾತು. 1971ರ ಕಾರ್ವೆಟ್ಟಿನ ಸಾಧಾರಣ ಇಂಜಿನ್ನಿಗೆ 270 ಅಶ್ವಸಾಮರ್ಥ್ಯವೆಂದೂ, 1972ರ ಅದೇ ಗಾತ್ರದ ಇಂಜಿನ್ನಿಗೆ 200 ಎಂದೂ ದಾಖಲೆಗಳಲ್ಲಿದೆ. ಒಂದೇ ವರ್ಷದಲ್ಲಿ 70 ಕುದುರೆಗಳು ಎಲ್ಲಿ ಓಡಿಹೋದುವು? ಬದಲಾದದ್ದು ಮುಖ್ಯವಾಗಿ ಅಳೆಯುವ ಕ್ರಮ. ಮೊದಲು ಬರಿಯ ಇಂಜಿನ್ನನ್ನು ಕಟ್ಟೆಯ ಮೇಲಿಟ್ಟು ಅಳೆಯುತ್ತಿದ್ದರು. 1972ರಿಂದ ಕಾರಿನಲ್ಲಿರುವಂತೆ ಗಾಳಿಸೋಸುಕ, ಸದ್ದಡಗಿಸುವ ಕೊಳವೆ ಮೊದಲಾದುವುಗಳ ಸಹಿತ ಅಳೆಯತೊಡಗಿದರು. ಹೇಗೆ ಅಳೆದರೆಂದು ತಿಳಿಯದೆ ಎರಡು ಅಂಕಿಗಳನ್ನು ಹೋಲಿಸುವುದು ವ್ಯರ್ಥ. ಆ ಹೋಲಿಕೆಯ ಮೇಲೆ ಹೆಚ್ಚು ಬೆಲೆ ತೆರುವುದು ನಷ್ಟ.

ಬ್ರೇಕು ಮತ್ತು ಟೈರು

ಸುಮಾರು 1500 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಮೈಲಿ ವೇಗದಲ್ಲಿ ಓಡುತ್ತಿರುವಾಗ ಅದರ ಚಲನಶಕ್ತಿ ಸುಮಾರು 5 ಲಕ್ಷ 40 ಸಾವಿರ ಜೂಲು, 1.8 ಲೀಟರು ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಇಷ್ಟು ಶಕ್ತಿ ಸಾಕು. ಕಾರು ನಿಲ್ಲುವ ಕೆಲವು ಕ್ಷಣಗಳಲ್ಲಿ ಇದರ ಬಹುಭಾಗ ಬ್ರೇಕುಗಳಲ್ಲಿ ಉಷ್ಣವಾಗಬೇಕು. 1965ರಿಂದ ಕಾರ್ವೆಟ್ಟಿನ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕುಗಳು ಬಂದುವು. 1982ರ ವರೆಗಿನ ಈ ಬ್ರೇಕುಗಳಲ್ಲಿ ಚಕ್ರವೊಂದಕ್ಕೆ ನಾಲ್ಕರಂತೆ ಒಟ್ಟು 16 ಸಣ್ಣ ಪಿಸ್ಟನ್ನುಗಳು ಎರಕದ ಕಬ್ಬಿಣದ ಕುಳಿಗಳಲ್ಲಿ ಚಲಿಸುತ್ತವೆ.

ಬ್ರೇಕಿನಲ್ಲಿ ಸಾಮಾನ್ಯವಾಗಿ ಬಳಸುವ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಓಡಿಸದೆ ವರ್ಷಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಈ ತೇವವು ಕುಳಿಗಳಲ್ಲಿ ತುಕ್ಕೆಬ್ಬಿಸಿ ದ್ರವ ಸೋರುವಂತೆ ಮಾಡುತ್ತದೆ. ಇಷ್ಟೇ ಅಲ್ಲ. ಮೂರನೆಯ ದರ್ಜೆಯ ದ್ರವವು ಹೊಸದಾಗಿದ್ದಾಗ 205 ಡಿಗ್ರಿಗೆ ಮೊದಲು ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ದ್ರವವನ್ನು ಸಂಕೋಚಿಸಲಾಗದೆಂಬ ಆಧಾರದ ಮೇಲೆ ಪಾಸ್ಕಲನ ನಿಯಮದಿಂದ ಕೆಲಸ ಮಾಡುವ ಈ ಬ್ರೇಕಿನಲ್ಲಿ ದ್ರವ ಕುದಿದು ಆವಿಯಾದರೆ, ಆವಿಯನ್ನು ಸುಲಭವಾಗಿ ಒತ್ತಬಹುದಾದ್ದರಿಂದ, ತುಳಿದ ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಚಕ್ರಗಳ ಒಳಬದಿಯಲ್ಲಿ ಸೋರಿಕೆಯ ಕಲೆಗಳನ್ನು ಹುಡುಕಿರಿ. ತುಕ್ಕು ಹಿಡಿಯದ ಉಕ್ಕಿನ ತೋಳನ್ನು ಕುಳಿಗಳಿಗೆ ತೊಡಿಸಿದ್ದರೆ ಅದು ಒಳ್ಳೆಯ ಚಿಹ್ನೆ.

ಟೈರಿನ ವಿಷಯದಲ್ಲಿ ಗೀರುಗಳ ಆಳವೊಂದನ್ನೇ ನಂಬಬಾರದು. ಹೆಚ್ಚು ಓಡದ ಕಾರಿನ ಟೈರು ಸವೆಯದೆಯೂ ಮುದಿಯಾಗುತ್ತದೆ. ಆಮ್ಲಜನಕವೂ ಬಿಸಿಲೂ ರಬ್ಬರನ್ನು ಬಿರುಸುಗೊಳಿಸುತ್ತವೆ. 2000ದಿಂದೀಚೆಗೆ ತಯಾರಾದ ಟೈರಿನ ಪಕ್ಕದ ಗುರುತಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಈ ಜಾತಕವನ್ನು ಓದಲು ಯಾವ ಜೋಯಿಸರೂ ಬೇಕಿಲ್ಲ.

ಅಂಕಿಗಳ ಸಾಕ್ಷ್ಯ

ಹಳೆಯ ಕಾರುಗಳ ಮೈಲಿಮಾಪಕದಲ್ಲಿ ಪೂರ್ಣಮೈಲಿಗಳಿಗೆ ಐದೇ ಅಂಕಿಗಳಿದ್ದುವು. 99,999 ಆದೊಡನೆ ಮತ್ತೆ ಸೊನ್ನೆ. ಆದ್ದರಿಂದ 43,000 ಎಂಬುದು 1,43,000 ಆಗಿರಬಹುದು. ಮಾಪಕವನ್ನು ಹಿಂದಕ್ಕೆ ತಿರುಗಿಸಿ ಮೋಸಮಾಡುವುದನ್ನು ಅಮೆರಿಕದ ಕೇಂದ್ರ ಸರ್ಕಾರ 1972ರಲ್ಲಿ ಕಾನೂನಿನಿಂದ ನಿಷೇಧಿಸಿತು. ಆದರೂ ಪೆಡಲಿನ ರಬ್ಬರಿನ ಸವೆತ, ಆಸನದ ಅಂಚು, ಹಳೆಯ ರಸೀತಿಗಳು ಇವು ಮಾಪಕಕ್ಕಿಂತ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿಗಳು.

1981ರ ಮಾದರಿಗಳಿಂದ ಅಮೆರಿಕದ ಪ್ರತಿಯೊಂದು ಕಾರಿಗೂ 17 ಸ್ಥಾನಗಳ ಗುರುತುಸಂಖ್ಯೆ ಇದೆ. ಇದರ ಒಂಬತ್ತನೆಯ ಸ್ಥಾನ ಉಳಿದವುಗಳ ಕಾವಲುಗಾರ. ಅಕ್ಷರಗಳಿಗೆ 1ರಿಂದ 9ರ ವರೆಗಿನ ಬೆಲೆಗಳನ್ನು ಕೊಟ್ಟು, 17 ಸ್ಥಾನಗಳನ್ನೂ ಕ್ರಮವಾಗಿ 8, 7, 6, 5, 4, 3, 2, 10, 0, 9, 8, 7, 6, 5, 4, 3, 2 ಎಂಬ ತೂಕಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿ, 11ರಿಂದ ಭಾಗಿಸಬೇಕು. ಉಳಿದ ಶೇಷವೇ ಒಂಬತ್ತನೆಯ ಸ್ಥಾನದಲ್ಲಿರಬೇಕು. ಶೇಷ 10 ಆದರೆ ಎಕ್ಸ್ ಎಂಬ ಅಕ್ಷರ. ಅಭ್ಯಾಸಕ್ಕಾಗಿ ಹದಿನೇಳೂ ಸ್ಥಾನಗಳಲ್ಲಿ 1 ಇದೆಯೆನ್ನೋಣ. ಮೊತ್ತ 89, 11ರಿಂದ ಭಾಗಿಸಿದರೆ ಶೇಷ 1, ಸರಿಹೊಂದಿತು. ಕೊನೆಯ ಅಂಕಿಯನ್ನು 2 ಎಂದು ತಿದ್ದಿದರೆ ಮೊತ್ತ 91, ಶೇಷ 3; ಸುಳ್ಳು ಸಿಕ್ಕಿಬಿತ್ತು. 11 ಅವಿಭಾಜ್ಯ ಸಂಖ್ಯೆ. ತೂಕಗಳೂ ಬೆಲೆಗಳ ವ್ಯತ್ಯಾಸಗಳೂ 11ಕ್ಕಿಂತ ಚಿಕ್ಕವು. ಆದ್ದರಿಂದ ಯಾವುದೇ ಒಂದು ಅಂಕಿ ಬದಲಾದರೂ ಶೇಷಕ್ಕೂ ಒಂಬತ್ತನೆಯ ಸ್ಥಾನಕ್ಕೂ ತಾಳೆ ತಪ್ಪಲೇಬೇಕು. ಏಕೆಂಬುದನ್ನು ವಿದ್ಯಾರ್ಥಿಗಳು ತಾವೇ ಸಾಧಿಸಿ ನೋಡಲಿ.

ಅದಕ್ಕೂ ಹಳೆಯ ಕಾರುಗಳ ಬೆಲೆ ಅವುಗಳ ಮೂಲ ಇಂಜಿನ್ ಉಳಿದಿದೆಯೇ ಎಂಬುದರ ಮೇಲೆ ನಿಂತಿರುತ್ತದೆ. 1960ರ ದಶಕದಿಂದೀಚೆಗಿನ ಇಂಜಿನ್ನಿನ ಚಪ್ಪಟೆಯಾದ ಒಂದು ಜಾಗದಲ್ಲಿ ಕಾರಿನ ಗುರುತುಸಂಖ್ಯೆಯ ಭಾಗವನ್ನು ಒತ್ತಿರುತ್ತಾರೆ. ಮೋಸಗಾರರು ಆ ಜಾಗವನ್ನು ಉಜ್ಜಿ ಬೇರೆ ಸಂಖ್ಯೆ ಒತ್ತುವುದುಂಟು. ಆದರೆ ಕಾರ್ಖಾನೆಯ ಯಂತ್ರ ಲೋಹವನ್ನು ಹೆರೆದಾಗ ಮೂಡಿದ ಸಮಾಂತರವಾದ ನವಿರು ಗೆರೆಗಳನ್ನು ಮತ್ತೆ ಮೂಡಿಸುವುದು ಸುಲಭವಲ್ಲ. ಭೂತಗನ್ನಡಿ ಹಿಡಿದು ನೋಡಬೇಕಾದದ್ದು ಸಂಖ್ಯೆಯನ್ನಷ್ಟೇ ಅಲ್ಲ, ಅದರ ಹಿನ್ನೆಲೆಯನ್ನು.

ನಿಂಬೆಹಣ್ಣಿನ ಮಾರುಕಟ್ಟೆ

ಅಮೆರಿಕದವರು ಕೊಂಡ ಮೇಲೆ ಕೈಕೊಡುವ ಕಾರನ್ನು ನಿಂಬೆಹಣ್ಣು ಎನ್ನುತ್ತಾರೆ. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಈ ನಿಂಬೆಹಣ್ಣುಗಳ ಮಾರುಕಟ್ಟೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಈ ವಿಚಾರಕ್ಕಾಗಿ 2001ರಲ್ಲಿ ಮತ್ತಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ಅವರ ತರ್ಕದ ಸಾರವನ್ನು ಹೀಗೆ ಹೇಳಬಹುದು. ಒಳ್ಳೆಯ ಕಾರಿನ ಯೋಗ್ಯಬೆಲೆ 40 ಸಾವಿರ ಡಾಲರು, ಕೆಟ್ಟದ್ದರದು 20 ಸಾವಿರ ಎಂದುಕೊಳ್ಳೋಣ. ಮಾರುವವನಿಗೆ ತನ್ನ ಕಾರಿನ ಗುಟ್ಟು ಗೊತ್ತು; ಕೊಳ್ಳುವವನಿಗೆ ಗೊತ್ತಿಲ್ಲ. ಎರಡೂ ಬಗೆಯವು ಸಮಸಂಖ್ಯೆಯಲ್ಲಿದ್ದರೆ ಅವನು ನಡುವಿನ 30 ಸಾವಿರಕ್ಕೆ ಬೇಡುತ್ತಾನೆ. ಒಳ್ಳೆಯ ಕಾರಿನ ಒಡೆಯನಿಗೆ ಇದು ಸಾಲದು; ಅವನು ಕಾರನ್ನು ಮನೆಗೆ ಕೊಂಡೊಯ್ಯುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟದ್ದು ಮಾತ್ರ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಳ್ಳುವವನು ಸುತ್ತಿಗೆ, ಅಯಸ್ಕಾಂತ, ನಾಣ್ಯ, ವೋಲ್ಟ್‌ಮೀಟರುಗಳನ್ನು ಹಿಡಿದು ನಿಂತಾಗ ಮಾರುವವನನ್ನು ಅವಮಾನಿಸುತ್ತಿಲ್ಲ. ಕಾರನ್ನು ಪ್ರಾಮಾಣಿಕವಾಗಿ ಕಾಪಾಡಿದ ಒಡೆಯನಿಗೆ ಅವನ ಶ್ರಮದ ಬೆಲೆ ದೊರೆಯುವುದು ಪರೀಕ್ಷೆಯಿಂದಲೇ. ಪರೀಕ್ಷೆ ಇಲ್ಲದಿದ್ದರೆ ಅವನ ಕಾರಿಗೂ ನಿಂಬೆಹಣ್ಣಿಗೂ ಒಂದೇ ಬೆಲೆ.

ಪರೀಕ್ಷೆಯ ಕ್ರಮವನ್ನು ಸಂಗ್ರಹಿಸಿ ಹೇಳುವುದಾದರೆ: ಮೊದಲು ಕಾಗದಪತ್ರ ಮತ್ತು ಗುರುತುಸಂಖ್ಯೆ, ಆಮೇಲೆ ಪಂಜರ ಮತ್ತು ಚೌಕಟ್ಟು, ಅನಂತರ ಬ್ರೇಕು, ಇಂಜಿನ್ನು, ವಿದ್ಯುತ್ತು, ಕೊಟ್ಟಕೊನೆಗೆ ಬಣ್ಣ ಮತ್ತು ಆಸನ. ಕಣ್ಣು ಸಹಜವಾಗಿ ಹೋಗುವ ದಾರಿಗೆ ಇದು ತಿರುಗುಮುರುಗು. ಅಗ್ಗವಾಗಿ ಸರಿಪಡಿಸಬಹುದಾದದ್ದು ಕಣ್ಣಿಗೆ ಮೊದಲು ಬೀಳುತ್ತದೆ; ಸರಿಪಡಿಸಲು ದುಬಾರಿಯಾದದ್ದು ಮರೆಯಲ್ಲಿರುತ್ತದೆ. ಈ ಕಾರುಗಳನ್ನು ಬಲ್ಲ ಮೆಕ್ಯಾನಿಕನೊಬ್ಬನನ್ನು ಜೊತೆಗೆ ಕರೆದೊಯ್ದು ಅವನಿಗೆ ಕೊಡುವ ಹಣ ನಷ್ಟವಲ್ಲ. ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಟುಬಿಡುವುದೇ ಮೇಲು. ಬೇರೊಂದು ಕಾರು ಸಿಕ್ಕೇ ಸಿಗುತ್ತದೆ. ನಮ್ಮ ಊರಿನ ಸಂತೆಯಲ್ಲಿ ಹಳೆಯ ಸೈಕಲ್ಲನ್ನೋ ಸ್ಕೂಟರನ್ನೋ ಕೊಳ್ಳುವವರಿಗೂ ಈ ಕ್ರಮವೇ ಅನ್ವಯಿಸುತ್ತದೆ.